ಮೂರನೆಯ ಟಕ್

“ಕೈ ತೆಗೀರಿ ಅಲ್ಲಿಂದ!”

ಗ್ಯಾರೇಜಿನ ಮೇಸ್ತ್ರಿ ಕೂಗಿದ ರಭಸಕ್ಕೆ ನಾನು ಹಿಂದಕ್ಕೆ ಜಿಗಿದೆ. ಮೊಣಕಾಲು ಬಂಪರಿಗೆ ಬಡಿದು ಜೀವವೇ ಹೋದಂತಾಯಿತು. ಮೂವತ್ತು ವರ್ಷ ಇನ್ಶೂರೆನ್ಸ್ ಕಂಪನಿಯ ಸರ್ವೇಯರ್ ಆಗಿ ನಜ್ಜುಗುಜ್ಜಾದ ಗಾಡಿಗಳ ಹೊಟ್ಟೆಯೊಳಗೆಲ್ಲ ಕೈಹಾಕಿ ನೋಡಿದವಳು ನಾನು. ಗಾಡಿ ಮುಟ್ಟಬೇಡ ಎಂದು ಹೇಳಿದ ಗಂಡಸನ್ನು ಈವರೆಗೆ ಕಂಡಿರಲಿಲ್ಲ.

“ಪೊಲೀಸರ ಅನುಮತಿ ಇದೆ ಮೇಸ್ತ್ರಿಗಳೇ,” ಎಂದೆ, ಮೊಣಕಾಲು ಉಜ್ಜಿಕೊಳ್ಳುತ್ತ.

“ಅನುಮತಿ ನಿಮಗಿದೆ. ಬ್ಯಾಟರಿಗೆ ಗೊತ್ತಾ ಅದು? ಪೊಲೀಸರು ಅದರ ಮೇನ್ ಪ್ಲಗ್ ಕಿತ್ಕೊಂಡು ಹೋದ್ರೂ ಒಳಗೆ ಆಚೆ ಅರ್ಧ ಈಚೆ ಅರ್ಧ ಕರೆಂಟ್ ಕೂತೇ ಇರುತ್ತೆ. ಅದು ನಿಮ್ಮ ಕಾಗದ ಓದಲ್ಲ.”

ಹಾಗೆನ್ನುತ್ತಲೇ ಅವರು ಗೋಡೆಯ ಕಪಾಟಿನಿಂದ ದಪ್ಪ ರಬ್ಬರ್ ಗ್ಲೌಸ್ ತೆಗೆದರು. ಅದರ ಬಾಯಿ ಸುತ್ತಿ ಹಿಡಿದು, ಒಳಗಿನ ಗಾಳಿಯಿಂದ ಬೆರಳುಗಳೆಲ್ಲ ಉಬ್ಬುವಂತೆ ಮಾಡಿ, ಒಂದೊಂದು ಬೆರಳನ್ನೂ ಕೆನ್ನೆಯ ಹತ್ತಿರ ತಂದು ಗಾಳಿ ಸೋರುತ್ತಿದೆಯೇ ನೋಡಿದರು. ಆಮೇಲೇ ನನಗೆ ಕೊಟ್ಟದ್ದು.

ಆ ಒಂದು ನಿಮಿಷದಲ್ಲಿ ನನಗೆ ಖಾತ್ರಿಯಾಯಿತು. ಈ ಮನುಷ್ಯ ಸುಳ್ಳು ಹೇಳುತ್ತಿದ್ದಾರೆ.

ಆರು ದಿನಗಳ ಹಿಂದೆ, ಇದೇ ಕಾರಿನ ಹಿಂಸೀಟು ಮಡಚಿ ಬ್ಯಾಟರಿಗೆ ಕೈಹಾಕಿದ್ದ ಅವರ ಅಳಿಯನಿಗೆ ಶಾಕ್ ಹೊಡೆದು, ತಲೆ ಕಾರೆತ್ತುವ ಲಿಫ್ಟಿನ ಕಂಬಕ್ಕೆ ಬಡಿದಿತ್ತು. ಅಂದಿನಿಂದ ಅವನು ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಿರಲಿಲ್ಲ. “ಕೆಲಸ ಶುರು ಮಾಡೋ ಮುಂಚೆ ಮೇನ್ ಪ್ಲಗ್ ತೆಗೆಯೋದನ್ನ ನಾನೇ ಮರೆತೆ,” ಎಂದು ಮೇಸ್ತ್ರಿ ಪೊಲೀಸರ ಮುಂದೆ ಒಪ್ಪಿಕೊಂಡಿದ್ದರು. ನಾಲ್ಕು ಗಂಟೆಗೆ ಇನ್‌ಸ್ಪೆಕ್ಟರ್ ಆ ಹೇಳಿಕೆಯನ್ನು ಟೈಪ್ ಮಾಡಿಸಿಕೊಂಡು ಬರುತ್ತಾರೆ. ಸಹಿ ಬಿದ್ದರೆ ಅರವತ್ತೆರಡರ ವಯಸ್ಸಿನಲ್ಲಿ ಈ ಮನುಷ್ಯನಿಗೆ ಜೈಲು, ಗ್ಯಾರೇಜಿಗೆ ಬೀಗ. ಮಗಳಂತೂ ಆರು ದಿನದಿಂದ ಅಪ್ಪನ ಮುಖ ನೋಡಿ ಮಾತಾಡಿರಲಿಲ್ಲ.

ಈಗ ಗಂಟೆ ಎರಡೂ ಮುಕ್ಕಾಲು.

ನನ್ನನ್ನು ಈ ಕೆಲಸಕ್ಕೆ ಕರೆದವರು ಅಳಿಯನ ತಾಯಿ. ಈ ಕಾರೂ ಅವರದೇ. ನಿವೃತ್ತ ಶಾಲಾ ಶಿಕ್ಷಕಿ. ಊರೆಲ್ಲ ಅವರಿಗೆ ಟೀಚರ್ ಎಂದೇ ಹೆಸರು. ಮೊದಲ ಭೇಟಿಯಲ್ಲೇ ಮೇಜಿನ ಮೇಲೆ ನಾನು ಹರಡಿದ್ದ ಕಾಗದಗಳನ್ನು ಅಂಚಿಗೆ ಅಂಚು ಕೂಡಿಸಿ ಜೋಡಿಸಿಟ್ಟು, ಆಮೇಲೆ ಕಣ್ಣು ಒರೆಸಿಕೊಂಡು ಹೇಳಿದ್ದರು: “ನನ್ನ ಮಗನನ್ನ ಈ ಸ್ಥಿತಿಗೆ ತಂದವರು ಯಾರು ಅಂತ ನನಗೆ ಗೊತ್ತಾಗ್ಬೇಕು ಮೇಡಂ. ಬೀಗರೇ ಆಗಿದ್ರೂ ಸರಿ, ಮುಚ್ಚಿಡ್ಬೇಡಿ.”

ಕಾರನ್ನು ಒಮ್ಮೆ ಸುತ್ತಿ ಬಂದೆ. ಹದಿಮೂರು ವರ್ಷದ ಹೈಬ್ರಿಡ್. ಬಣ್ಣ ಅಲ್ಲಲ್ಲಿ ಮಾಸಿದೆ, ಆದರೆ ಬಾಗಿಲು ಹಾಕಿದರೆ ಇನ್ನೂ ಗಟ್ಟಿ ಸದ್ದು.

“ಇದನ್ನ ಮಾರಿಬಿಡೋದಲ್ವಾ?” ಎಂದೆ ಬೇಕೆಂದೇ. “ಹಳೇ ಹೈಬ್ರಿಡ್ಡು. ಎತ್ತು ಏರಿಗೆ, ಕೋಣ ನೀರಿಗೆ. ಅತ್ತ ಇಂಜಿನ್ನು, ಇತ್ತ ಮೋಟರು, ಎರಡಕ್ಕೂ ರಿಪೇರಿ.”

ಮದ್ದು ಸರಿಯಾದ ಜಾಗಕ್ಕೇ ತಾಗಿತು. ಆರು ದಿನದಿಂದ ತಲೆ ತಗ್ಗಿಸಿದ್ದ ಮನುಷ್ಯ ಮೊದಲ ಸಲ ನೆಟ್ಟಗೆ ನಿಂತರು.

“ಯಾರು ಹೇಳಿದ್ದು? ಎರಡೂ ಒಂದೇ ಕಡೆ ಎಳೀತವೆ, ಅದಕ್ಕೇ ಎರಡೂ ಸವೆಯಲ್ಲ. ಈ ಇಂಜಿನ್ ಇನ್ನೂ ಹತ್ತು ವರ್ಷ ಓಡುತ್ತೆ. ಬ್ರೇಕ್ ನೋಡಿ, ಅರ್ಧ ಕೆಲಸ ಮೋಟರೇ ಮಾಡುತ್ತೆ, ಪ್ಯಾಡ್ ಬದಲಾಯಿಸಿದ್ದು ಎರಡೇ ಸಲ. ಇದಕ್ಕಿರೋದು ಒಂದೇ ಕಾಯಿಲೆ, ಬ್ಯಾಟರಿ. ಅದೂ ತಾನಾಗಿ ಸಾಯಲ್ಲ, ಜನ ಸಾಯಿಸ್ತಾರೆ.”

“ಹೇಗೆ?”

ಅವರು ಹಿಂಸೀಟಿನ ಪಕ್ಕದ ಜಾಲರಿಯನ್ನು ತೋರಿಸಿದರು. “ಬ್ಯಾಟರಿ ಉಸಿರಾಡೋದು ಇಲ್ಲಿಂದ. ಇದರ ಮುಂದೆ ದಿಂಬು ಇಡ್ತಾರೆ, ಬ್ಯಾಗ್ ಇಡ್ತಾರೆ. ಒಳಗಿನ ಫ್ಯಾನಿಗೆ ಧೂಳು, ಕೂದಲು. ಬೇಸಿಗೇಲಿ ಮೂಗು ಮುಚ್ಚಿ ಓಡಿಸಿದ್ರೆ ಯಾರು ಬದುಕ್ತಾರೆ? ವರ್ಷಕ್ಕೊಂದು ಸಲ ಬ್ರಷ್ ಆಡಿಸಿದ್ರೆ ಸಾಕು. ಯಾರೂ ಮಾಡಲ್ಲ.”

“ಶೋರೂಮಿನವರು ಏನಂದ್ರು?”

“ಹೊಸ ಬ್ಯಾಟರಿ ಹಾಕ್ಬೇಕು ಅಂದ್ರು. ಅದರ ರೇಟು ಕೇಳಿದ್ರೆ ಮೂಗಿಗಿಂತ ಮೂಗುತಿ ಭಾರ. ಕಾರು ಮಾರಿದ್ರೂ ಅಷ್ಟು ಬರಲ್ಲ. ಒಳಗಿರೋದು ಇಪ್ಪತ್ತೆಂಟು ಸೆಲ್ಲು. ಸತ್ತಿರೋದು ಮೂರು. ಮೂರಕ್ಕೋಸ್ಕರ ಇಪ್ಪತ್ತೆಂಟನ್ನೂ ಬಿಸಾಕ್ಬೇಕಾ? ನಾವು ಆ ಮೂರನ್ನ ತೆಗೆದು, ಉಳಿದವುಗಳ ವಯಸ್ಸಿಗೆ ಸರಿಯಾದ ಮೂರು ಹಳೇ ಸೆಲ್ ಹುಡುಕಿ ಹಾಕ್ತೀವಿ. ಹೊಚ್ಚ ಹೊಸದು ಹಾಕೋದು ತಪ್ಪು ಮೇಡಂ. ಎಳೇದರ ಓಟಕ್ಕೆ ಪಕ್ಕದ ಮುದುಕರು ದಮ್ಮು ಕಟ್ಟಿ ಬೀಳ್ತಾರೆ. ಮೂರೇ ತಿಂಗಳಿಗೆ ಗಾಡಿ ವಾಪಸ್ ಬರುತ್ತೆ.”

ಮಾತಾಡುತ್ತ ಅವರ ಮುಖ ಹತ್ತು ವರ್ಷ ಎಳೆಯದಾಗಿತ್ತು.  ಇಂಥವರನ್ನು ಸುಳ್ಳುಗಾರ ಎನ್ನುವುದಕ್ಕೆ ನನಗೆ ಸಂಬಳ ಸಿಗುತ್ತದೆ.

ಅನುಮಾನದ ಪಟ್ಟಿಯಲ್ಲಿ ಮೊದಲಿದ್ದವನು ಹಳೇ ಕಾರಿನ ದಲ್ಲಾಳಿ. ಈ ಕಾರನ್ನು ಗುಜರಿ ಬೆಲೆಗೆ ಹೊಡೆದುಕೊಳ್ಳಲು ಟೀಚರ್ ಹಿಂದೆ ಮೂರು ತಿಂಗಳಿಂದ ಬಿದ್ದಿದ್ದ. ಅವತ್ತೂ ಗ್ಯಾರೇಜಿನ ತನಕ ಬಂದಿದ್ದ. ಬೆಳಿಗ್ಗೆ ಅವನನ್ನು ಹಿಡಿದು ಕೇಳಿದಾಗ ಕೈಮುಗಿದುಬಿಟ್ಟ. “ನಾನು ಬ್ಯಾಟರಿ ಹತ್ರ ಹೋಗ್ತೀನಾ ಮೇಡಂ? ಮನೇಲಿ ಟಾರ್ಚಿಗೆ ಸೆಲ್ ಹಾಕೋಕೂ ನನ್ನ ಹೆಂಡತೀನೇ ಬರ್ಬೇಕು!”

ಅವನ ಮಾತು ನಂಬಲಿಲ್ಲ, ಎದುರಿನ ಪೇಂಟ್ ಅಂಗಡಿಯ ಕ್ಯಾಮೆರಾವನ್ನು ನಂಬಿದೆ. ಗೇಟಿನ ಹೊರಗೆ ಫೋನು ಕಿವಿಗಿಟ್ಟುಕೊಂಡು ನಿಂತವನು ಕೊನೆಯವರೆಗೂ ಒಳಗೆ ಕಾಲಿಟ್ಟಿಲ್ಲ. ಟೀಚರ್ ಟ್ಯಾಕ್ಸಿಯಲ್ಲಿ ಬಂದು, ಕಾರು ನೋಡಿ, ಹೊರಗೆ ಹೋಗಿ ಮತ್ತೆ ಟ್ಯಾಕ್ಸಿಯಲ್ಲಿ ಕೂತ ಮೇಲೇ ಒಳಗಿಂದ ಕೂಗು ಕೇಳಿದ್ದು. ಆ ಕೂಗಿನ ಹೊತ್ತಿಗೆ ಗ್ಯಾರೇಜಿನ ಒಳಗಿದ್ದವರು ಮೂವರೇ. ಅಪ್ಪ, ಮಗಳು, ಅಳಿಯ.

ನಾನು ಚೀಲದಿಂದ ಫೋಟೋ ತೆಗೆದು ಕೆಲಸದ ಮೇಜಿನ ಮೇಲಿಟ್ಟೆ. ಅವತ್ತೇ ಪೊಲೀಸ್ ಫೋಟೋಗ್ರಾಫರ್ ತೆಗೆದದ್ದು. ಕಾರಿನ ಡಿಕ್ಕಿಯ ಮೂಲೆ, ಕಾರ್ಪೆಟ್ ಮಡಚಿದೆ, ಒಳಗೆ ಮುಷ್ಟಿ ಗಾತ್ರದ ಕಿತ್ತಳೆ ಬಣ್ಣದ ಪ್ಲಗ್.

“ಇದೇನಾ ನೀವು ತೆಗೆಯೋಕೆ ಮರೆತ ಮೇನ್?”

ಮೇಸ್ತ್ರಿ ಫೋಟೋವನ್ನು ನೋಡಿದರು.  “ಹೌದು.”

“ಅಂದ್ರೆ ಗಾಡಿ ಬಂದಾಗ ಹೇಗಿತ್ತೋ ಹಾಗೇ ಇತ್ತು. ಯಾರೂ ಮುಟ್ಟಿಲ್ಲ.”

“ಯಾರೂ ಮುಟ್ಟಿಲ್ಲ. ಅದೇ ನನ್ನ ತಪ್ಪು.”

ಮೇಜಿನ ತುದಿಯಲ್ಲಿ ಒಂದು ಗುಜರಿ ಬ್ಯಾಟರಿಯ ಖಾಲಿ ಡಬ್ಬ ಇತ್ತು. ಒಳಗೆ ಸೆಲ್ಲಿಲ್ಲ, ಆದರೆ ಅಂಥದೇ ಪ್ಲಗ್ ಇತ್ತು. ನಾನು ಅದನ್ನು ಕಿತ್ತು ಅವರ ಕೈಗಿಟ್ಟೆ. “ಇದನ್ನ ಹಾಕಿ ತೋರಿಸಿ.”

“ಯಾಕೆ?”

“ಮುದುಕಿಗೆ ಕಲಿಯೋ ಚಪಲ ಅಂದ್ಕೊಳ್ಳಿ.”

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಕೈ ಮಾತ್ರ ತನ್ನ ಪಾಡಿಗೆ ಕೆಲಸ ಮಾಡಿತು. ಪ್ಲಗ್ ಒಳಗೆ ಒತ್ತಿತು, ಟಕ್. ಹಿಡಿಯನ್ನು ಮೇಲೆತ್ತಿತು, ಟಕ್. ಕೊನೆಗೆ ಹಿಡಿಯನ್ನು ಕೆಳಕ್ಕೆ ಜಾರಿಸಿ ಕೂರಿಸಿತು. ಮೂರನೆಯ ಟಕ್.

“ಈ ಮೂರನೇದು ಮಾಡ್ದೇ ಹೋದ್ರೆ?”

“ಕರೆಂಟ್ ದಾರಿ ಎರಡನೇದಕ್ಕೇ ಕೂಡಿರುತ್ತೆ. ಆದ್ರೆ ಗಾಡಿ ಸ್ಟಾರ್ಟ್ ಆಗಲ್ಲ. ಹೊಸಬರು ಮಾಡೋ ತಪ್ಪು ಅದು. ಗಾಡಿ ಕೆಟ್ಟೋಯ್ತು ಅಂತ ಇಡೀ ದಿನ ತಲೆ ಚಚ್ಕೊಂಡು...”

ಮಾತು ಅರ್ಧಕ್ಕೇ ನಿಂತಿತು. ಫೋಟೋದಲ್ಲಿ ಪ್ಲಗ್ಗಿನ ಹಿಡಿ ಮೇಲೆದ್ದು ನಿಂತಿತ್ತು, ಕೆಳಕ್ಕೆ ಜಾರಿರಲಿಲ್ಲ. ಎರಡೇ ಟಕ್.

“ಈ ಕಾರು ಅವತ್ತು ಬೆಳಿಗ್ಗೆ ತಾನಾಗಿ ಓಡ್ಕೊಂಡು ಇಲ್ಲಿಗೆ ಬಂತು,” ಎಂದೆ. ನನಗೇ ನನ್ನ ದನಿ ಮೆತ್ತಗೆ ಕೇಳಿಸಿತು. “ಹೀಗಿದ್ದಿದ್ರೆ ಮನೆಯಿಂದ ಹೊರಡ್ತಾನೇ ಇರ್ಲಿಲ್ಲ. ಅಂದ್ರೆ ನೀವು ಮೇನ್ ತೆಗೆಯೋಕೆ ಮರೆತಿಲ್ಲ. ತೆಗೆದಿದ್ರಿ. ಆಮೇಲೆ ಯಾರೋ ವಾಪಸ್ ಹಾಕಿದ್ದಾರೆ.”

“ನಾನೇ ಹಾಕಿದೆ. ಗಡಿಬಿಡೀಲಿ...”

“ನಿಮ್ಮ ಕೈ ಈಗ ನೋಡಿದೆನಲ್ಲ. ಕಣ್ಣು ಬೇರೆ ಕಡೆ ಇದ್ರೂ ಮೂರನೇದು ಬಿಡಲ್ಲ ಅದು. ಯಾರನ್ನ ಕಾಯ್ತಿದ್ದೀರಿ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಈ ಮನುಷ್ಯ ಹೆಗಲು ಮುಟ್ಟಿಕೊಳ್ಳಲಿಲ್ಲ, ಗಾಜಿನ ಗೋಡೆಯ ಆಫೀಸು ಕೋಣೆಯ ಕಡೆ ನೋಡಿದರು. ಅಲ್ಲಿ ಅವರ ಮಗಳು ಫೋನಿನಲ್ಲಿ ಯಾರಿಗೋ ಗಾಡಿ ತಡವಾಗುತ್ತದೆ ಎಂದು ಹೇಳುತ್ತಿದ್ದಳು. ಆಸ್ಪತ್ರೆಯಲ್ಲಿ ರಾತ್ರಿ ಕೂತು, ಹಗಲು ಇಲ್ಲಿ ಕೂತು, ಕಣ್ಣುಗಳು ಒಳಕ್ಕೆ ಹೋಗಿದ್ದವು.

ಮೇಸ್ತ್ರಿ ಸ್ಟೂಲಿನ ಮೇಲೆ ಕುಸಿದರು.

“ಪ್ಲಗ್ ತೆಗೆದವನು ಅದನ್ನ ಜೇಬಲ್ಲಿ ಇಟ್ಕೋಬೇಕು. ಮೇಜಿನ ಮೇಲೆ ಇಡ್ಬಾರ್ದು, ಪೆಟ್ಟಿಗೇಲಿ ಇಡ್ಬಾರ್ದು. ಪ್ಲಗ್ ಜೇಬಲ್ಲಿದ್ರೆ ಜೀವ ಜೇಬಲ್ಲಿ. ಇದು ನಾನು ಮಾಡಿದ ಕಾನೂನು. ಒಂದು ದಿನ ತಪ್ಪಿಸಿಲ್ಲ ಮೇಡಂ. ಅವತ್ತು ಮಗಳು ಹೊಸ ಶರ್ಟ್ ತಂದಿದ್ಲು. ಅಳತೆ ನೋಡು ಅಪ್ಪ, ಸರಿ ಇಲ್ದಿದ್ರೆ ಇವತ್ತೇ ಬದಲಾಯಿಸ್ಬೇಕು ಅಂದ್ಲು. ಕೆಲಸದ ಶರ್ಟ್ ಬಿಚ್ಚಿ ಗೋಡೆ ಮೊಳೆಗೆ ತಗುಲಿಹಾಕಿ, ಹಿಂದುಗಡೆ ಕೈ ತೊಳ್ಕೊಂಡು ಹೊಸದು ಹಾಕ್ಕೊಂಡೆ. ಅದಕ್ಕೆ ಜೇಬೇ ಇರ್ಲಿಲ್ಲ, ಪ್ಲಗ್ ಹಳೇದರ ಜೇಬಲ್ಲೇ ಉಳೀತು. ಏಳೆಂಟು ನಿಮಿಷ, ಅಷ್ಟೇ. ಅಳಿಯಂದಿರು ಗ್ಲೌಸ್ ಬಿಚ್ಚಿಟ್ಟು ಆಚೆ ಮೂಲೇಲಿ ಸೆಲ್ಲಿನ ತಗಡು ಉಜ್ತಾ ಇದ್ರು. ವಾಪಸ್ ಬರುವಾಗ ನೋಡಿದ್ರೆ...”

“ಏನು ನೋಡಿದ್ರಿ?”

“ಮಗಳು ಆ ಶರ್ಟನ್ನ ಕೈಲಿ ಹಿಡ್ಕೊಂಡು ನಿಂತಿದ್ಲು. ನಾನು ಕರೆಯೋದ್ರೊಳಗೆ ಕಾರಿನ ಕಡೆಯಿಂದ ಅಳಿಯಂದಿರ ಕೂಗು ಕೇಳ್ತು.” ಅವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. “ಬೆಳಿಗ್ಗೆ ಗಂಡ ಹೆಂಡ್ತಿಗೆ ಜಗಳ ಆಗಿತ್ತು. ಹಳೇ ಗಾಡಿಗಳ ರಿಪೇರಿ ಸಾಕು, ಶೋರೂಮ್ ಸೇರ್ತೀನಿ, ಅಲ್ಲಿ ಬ್ಯಾಟರಿ ಪೂರ್ತಿ ಬದಲಾಯಿಸಿದ್ರೆ ಮುಗೀತು, ಈ ತಲೆನೋವಿಲ್ಲ ಅಂತ ಅವರು. ಅಪ್ಪನನ್ನ ನಡುನೀರಲ್ಲಿ ಬಿಡ್ತೀರಾ ಅಂತ ಇವಳು. ಕೋಪದಲ್ಲಿ, ಏನೂ ಯೋಚನೆ ಮಾಡ್ದೆ, ಒಂದು ಕ್ಷಣ... ಅವಳಿಗೊಂದು ಮಗು ಇದೆ ಮೇಡಂ. ನನಗೇನಿದೆ? ನನ್ನ ಮೇಲೇ ಹಾಕಿಬಿಡಿ. ಕೈಮುಗೀತೀನಿ.”

  ಅಪ್ಪಂದಿರ ಪ್ರೀತಿಗೆ ಕಣ್ಣಿಲ್ಲ ಎನ್ನುವುದು ಗೊತ್ತಿತ್ತು, ಇಷ್ಟು ಕುರುಡು ಎಂದು ಗೊತ್ತಿರಲಿಲ್ಲ.

“ಆರು ದಿನದಿಂದ ಇದನ್ನ ಮನಸ್ಸಲ್ಲಿ ಇಟ್ಕೊಂಡಿದ್ಯಾ ಅಪ್ಪ?”

ಮಗಳು ಆಫೀಸಿನ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಮೇಸ್ತ್ರಿ ಹುಳ್ಳಹುಳ್ಳಗೆ ಎದ್ದು ನಿಂತರು.

“ಪುಟ್ಟಿ, ನಾನು ಹಾಗಲ್ಲ...”

“ನನ್ನ ಗಂಡನ್ನ ನಾನೇ ಕೊಲ್ಲೋಕೆ ಹೋದೆ ಅಂತಾನಾ? ಶರ್ಟ್ ಎತ್ಕೊಂಡಿದ್ದು ಒಗೆಯೋಕೆ. ಗ್ರೀಸಿನ ವಾಸನೆ ಮೂರು ಮನೆ ಆಚೆ ಹೊಡೀತಿತ್ತು!” ಅವಳ ದನಿ ಒಡೆಯಿತು. ಸರಸರನೆ ಬಂದು ಮೇಜಿನ ಮೇಲಿನ ಪ್ಲಗ್ಗನ್ನು ಕಿತ್ತಳು. ಒತ್ತಿದಳು, ಎತ್ತಿದಳು, ಜಾರಿಸಿದಳು. ಟಕ್, ಟಕ್, ಟಕ್. ಅಪ್ಪನಿಗಿಂತ ಬೇಗ.

“ಈ ಮಾಡೆಲ್ ಮೊದಲನೇ ಸಲ ಬಂದಾಗ ಆ ದಪ್ಪ ಪುಸ್ತಕ ಓದಿ ಓದಿ ನಿಂಗೆ ಹೇಳ್ಕೊಟ್ಟಿದ್ದು ಯಾರು? ಮೂರನೇದು ಮರೀಬೇಡ ಅಪ್ಪ, ಮೂರನೇದು ಮರೀಬೇಡ ಅಂತ ನಿನ್ನ ಕೈಹಿಡಿದು ತಿದ್ದಿದ್ದು ಯಾರು? ನಾನು ಹಾಕಿದ್ರೆ ಎರಡಕ್ಕೇ ಬಿಡ್ತಿದ್ನಾ?”

 ಆ ದೊಡ್ಡ ದೇಹದ ಮನುಷ್ಯ ಮಗುವಿನ ಹಾಗೆ ಅತ್ತುಬಿಟ್ಟರು. ದುಃಖಕ್ಕಲ್ಲ. ಆರು ದಿನದ ಭಾರ ಇಳಿದ ಅಳು ಅದು. ನನ್ನ ಕಣ್ಣೂ ಮಂಜಾಯಿತು, ಅದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ.

“ನಾನೂ ಅಷ್ಟೇ,” ಎಂದಳು ಮಗಳು, ಅಪ್ಪನ ತೋಳು ಹಿಡಿದು. “ಮರೆತೆ ಅಂತ ನೀನೇ ಹೇಳಿದ್ಯಲ್ಲ, ನಂಬಿಬಿಟ್ಟೆ. ನಿನ್ನ ಮುಖ ನೋಡೋಕೂ ಆಗ್ತಿರ್ಲಿಲ್ಲ. ಒಂದು ಮಾತು ಕೇಳಿದ್ರೆ ಆಗ್ತಿತ್ತು.”

ಅಪ್ಪ ಮಗಳು ಒಂದಾದದ್ದು ಸಂತೋಷವೇ. ಆದರೆ ನನ್ನ ಕೆಲಸ ಬೆಟ್ಟ ಅಗೆದು ಇಲಿಯೂ ಸಿಗದ ಸ್ಥಿತಿಗೆ ಬಂದಿತ್ತು. ಅಪ್ಪನಲ್ಲ. ಮಗಳಲ್ಲ. ತನಗೆ ತಾನೇ ಶಾಕ್ ಹೊಡೆಸಿಕೊಳ್ಳುವಷ್ಟು ದಡ್ಡನಲ್ಲ ಅಳಿಯ. ಹಾಗಾದರೆ ಪ್ಲಗ್ಗಿನ ಜಾಗ ಗೊತ್ತಿದ್ದು, ಹಾಕುವುದನ್ನು ನೋಡಿದ್ದು, ಆದರೆ ಕೈಯಾರೆ ಎಂದೂ ಮಾಡಿರದವರು ಯಾರು?

“ಇದನ್ನ ಹಾಕೋದು ಹೇಗೆ ಅಂತ ಹೊರಗಿನವರು ಯಾರಿಗಾದ್ರೂ ತೋರಿಸಿದ್ರಾ?” ಎಂದು ಕೇಳುವಷ್ಟರಲ್ಲಿ ನನ್ನ ಫೋನ್ ಬಡಿದುಕೊಂಡಿತು. ಟೀಚರ್.

ಆಸ್ಪತ್ರೆಯ ಸುದ್ದಿ ಎಂದು ಮಗಳ ಮುಖ ಬಿಳಿಚಿತು. ಅವಳಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ.

“ಮೇಡಂ, ನನ್ನ ಮಗ ಎದ್ದ! ಕಣ್ಣು ಬಿಟ್ಟ! ಮಾತಾಡ್ದ!” ಟೀಚರ್ ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ. “ಸೊಸೆಗೆ ಫೋನ್ ಮಾಡಿದ್ರೆ ಎಂಗೇಜ್ ಬರ್ತಿತ್ತು. ಅವಳಿಗೆ ಹೇಳಿಬಿಡಿ.”

“ಇಲ್ಲೇ ಇದ್ದೀನಿ ಅತ್ತೆ!” ಮಗಳು ಮೇಜು ಹಿಡಿದುಕೊಂಡಳು. ಮೇಸ್ತ್ರಿ ಎರಡೂ ಕೈ ಎತ್ತಿ ಕಣ್ಣಿಗೊತ್ತಿಕೊಂಡರು.

ಆಗಲೇ ಅಂಗಳದಲ್ಲಿ ಜೀಪ್ ನಿಂತ ಸದ್ದಾಯಿತು. ಇನ್‌ಸ್ಪೆಕ್ಟರ್. ಒಂದು ಗಂಟೆ ಮುಂಚೆಯೇ.

“ಒಂದು ವಿಷಯ ಮಾತ್ರ ಅರ್ಥ ಆಗ್ತಿಲ್ಲ ಮೇಡಂ,” ಟೀಚರ್ ಮುಂದುವರಿಸಿದರು. “ಎದ್ದ ತಕ್ಷಣ, ಅಮ್ಮ, ಪ್ಲಗ್ ಯಾರು ಹಾಕಿದ್ದು ಅಂತ ಕೇಳ್ದ. ಯಾವ ಪ್ಲಗ್ಗೋ, ಆ ಕಿತ್ತಳೆ ಬಣ್ಣದ್ದಾ, ಅದು ನಾನೇ ಅಲ್ವಾ ಎತ್ತಿ ಹಾಕಿದ್ದು ಅಂದೆ. ಗೋಡೆ ಹತ್ರ ಶರ್ಟಿನ ಕೆಳಗೆ ಬಿದ್ದಿತ್ತು. ಎಲ್ಲಾ ಸಾಮಾನೂ ಎಲ್ಲೆಂದರಲ್ಲಿ ಬಿಸಾಕ್ತಾರೆ ಇವರು. ಕಾರು ಕೊಂಡ ಹೊಸದ್ರಲ್ಲಿ ಇವನೇ ನಂಗೆ ತೋರಿಸಿದ್ದ, ಇದು ಇದರ ಜಾಗ ಅಂತ. ಸರಿಯಾಗಿ ಒತ್ತಿ, ಹಿಡಿ ಎತ್ತಿ, ಇಟ್ಟು ಹೋಗಿ ಟ್ಯಾಕ್ಸೀಲಿ ಕೂತೆ.”

ಮಗಳ ಕೈ ಬಾಯಿಗೆ ಹೋಯಿತು. ಮೇಸ್ತ್ರಿ ಕಲ್ಲಾಗಿ ನಿಂತರು. ನಾನು ನನ್ನ ಬುದ್ಧಿಗೆ ಒಳಗೊಳಗೇ ಛೀಮಾರಿ ಹಾಕಿಕೊಂಡೆ. ಕೂಗು ಕೇಳಿದಾಗ ಒಳಗೆ ಯಾರಿದ್ದರು ಎಂದು ಎಣಿಸಿದ್ದೆನೇ ಹೊರತು, ಪ್ಲಗ್ ಹಾಕಿದ ಗಳಿಗೆ ಬೇರೆ, ಶಾಕ್ ಹೊಡೆದ ಗಳಿಗೆ ಬೇರೆ ಎನ್ನುವುದು ಹೊಳೆದಿರಲಿಲ್ಲ.

“ಅಷ್ಟಕ್ಕೇ ಅವನು ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡ ಮೇಡಂ. ಅಮ್ಮ, ಯಾರ ಹತ್ರಾನೂ ಹೇಳ್ಬೇಡ, ನಾನೇ ಹಾಕ್ಕೊಂಡೆ ಅಂತ ಪೊಲೀಸರಿಗೆ ಹೇಳ್ತೀನಿ ಅಂದ. ಪಾಪ, ತಲೆಗೆ ಪೆಟ್ಟು ಬಿದ್ದಿದೆ, ಏನೇನೋ ಅಂತಾನೆ ಅನ್ಕೊಂಡೆ. ಆಮೇಲೆ ಯಾಕೋ ಮನಸ್ಸಿಗೆ ಚುಚ್ತು. ಆ ಪ್ಲಗ್ ಹಾಕಿದ್ರಿಂದ ಏನಾದ್ರೂ ಆಗುತ್ತಾ ಮೇಡಂ?”

 ಬಾಗಿಲಲ್ಲಿ ಇನ್‌ಸ್ಪೆಕ್ಟರ್ ಟೈಪ್ ಮಾಡಿದ ಕಾಗದ ಹಿಡಿದು ನಿಂತಿದ್ದರು. ಎಷ್ಟು ಕೇಳಿಸಿಕೊಂಡರೋ ಮುಖ ನೋಡಿ ಗೊತ್ತಾಗುವಂತಿರಲಿಲ್ಲ.

ಮೊದಲು ಅಲುಗಾಡಿದವರು ಮೇಸ್ತ್ರಿ. ಫೋನಿನ ಹತ್ತಿರ ಬಾಗಿ, ಗಂಟಲು ಸರಿಮಾಡಿಕೊಂಡು ಹೇಳಿದರು: “ಅದರಿಂದ ಏನೂ ಆಗಲ್ಲ ಬೀಗಿತ್ತಿಯವರೇ. ನೀವು ಮಗನ ಹತ್ರ ಕೂತ್ಕೊಳ್ಳಿ. ತಪ್ಪು ನನ್ನದೇ.” ಹಾಗೆಂದವರು ಇನ್‌ಸ್ಪೆಕ್ಟರ್ ಕಡೆ ತಿರುಗಿ ಕೈ ಚಾಚಿದರು. “ಕೊಡಿ ಸಾರ್. ಎಲ್ಲಿ ಸಹಿ ಹಾಕ್ಬೇಕು?”

“ಅಪ್ಪ!” ಎಂದಳು ಮಗಳು. 

ಇನ್‌ಸ್ಪೆಕ್ಟರ್ ಕಾಗದ ಕೊಡಲಿಲ್ಲ. ಮೇಜಿನ ಮೇಲಿದ್ದ ಫೋಟೋವನ್ನೊಮ್ಮೆ, ಖಾಲಿ ಡಬ್ಬದ ಪ್ಲಗ್ಗನ್ನೊಮ್ಮೆ ನೋಡಿ, ನನ್ನತ್ತ ತಿರುಗಿದರು.

“ಇವರು ಆರು ದಿನದಿಂದ ಇದನ್ನೇ ಹೇಳ್ತಿದ್ದಾರೆ. ನೀವು ಏನು ಕಂಡುಹಿಡಿದ್ರಿ ಮೇಡಂ?”

ಫೋನ್ ಕರೆ ಇನ್ನೂ ಕಟ್ ಆಗಿರಲಿಲ್ಲ. ಅದರೊಳಗಿಂದ ಟೀಚರ್ ದನಿ ಬಂತು. ಈಗ ಅದರಲ್ಲಿ ನಗುವೂ ಇರಲಿಲ್ಲ, ಅಳುವೂ ಇರಲಿಲ್ಲ.

“ಹೌದು, ಹೇಳಿ ಮೇಡಂ. ನಾನೂ ಕೇಳ್ಬೇಕು.”